ಸರ್ ಅವರ ಕೈಗೆ ಹೊಂದುವ ಮೌಸ್

ಮೌಸ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಕಣ್ಣು ಮುಚ್ಚಿ ನಿಲ್ಲುವುದನ್ನು ನಾನು ಒಬ್ಬರಲ್ಲಿ ಮಾತ್ರ ನೋಡಿದ್ದೇನೆ. ಮಂಗಳೂರಿನ ಒಂದು ಕಂಪ್ಯೂಟರ್ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಮೌಸನ್ನಿಟ್ಟು, ಅದರ ಮೇಲೆ ಅಂಗೈ ಇಳಿಸಿ ಅವರು ಕಣ್ಣು ಮುಚ್ಚುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ಕಿರುಬೆರಳು ಗಾಜಿಗೆ ಉಜ್ಜುತ್ತದೆಯೇ, ಹೆಬ್ಬೆರಳಿಗೆ ಒರಗಲು ಜಾಗ ಇದೆಯೇ, ಗುಂಡಿ ಒತ್ತಲು ಎಷ್ಟು ಬಲ ಬೇಕು ಎಂದು ಒಂದೊಂದಾಗಿ ನೋಡುತ್ತಿದ್ದರು. ಆಮೇಲೆ ಕಣ್ಣು ತೆರೆದು ನನ್ನ ಕಡೆಗೆ ತಿರುಗಿ, "ನಿನಗೆ ಇದು ಆಗಲಿಕ್ಕಿಲ್ಲ" ಎನ್ನುತ್ತಿದ್ದರು. ಮೌಸ್ ನನಗಲ್ಲ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಅವರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ನಮ್ಮ ಊರು ಉಪ್ಪಳದಲ್ಲಿ ಅವರನ್ನು ಎಲ್ಲರೂ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ನಾನು ಸರ್ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಅವರ ಬಲಗೈಗೆ ಏನಾಗಿತ್ತು ಎಂಬುದಕ್ಕೆ ಆಮೇಲೆ ಡಾಕ್ಟರರು ಒಂದು ಹೆಸರು ಹೇಳಿದರು, ಅದು ಊರಿಗೆಲ್ಲ ತಿಳಿಯಿತು. ನಾನು ಹೇಳಹೊರಟಿರುವುದು ಆ ಹೆಸರು ಬರುವುದಕ್ಕಿಂತ ಮೊದಲಿನ ಕಾಲದ್ದು. ಆಗ ಅದು ಕೇವಲ ಮೌಸಿನ ತೊಂದರೆಯಾಗಿತ್ತು.

ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ದೊಡ್ಡ ಊರಿಗೆ ಹೋಗುವ ಧೈರ್ಯವೂ ಆಸೆಯೂ ಇಲ್ಲದೆ ನಾನು ಅವರ ಆಫೀಸಿಗೆ ಸೇರಿದ್ದೆ. ಹೆದ್ದಾರಿ ಬದಿಯ ಕಟ್ಟಡ, ಕೆಳಗೆ ಪೈಂಟಿನ ಅಂಗಡಿ, ಮೇಲೆ ನಾವು. ಹೊರಗಿನ ಕೋಣೆಯಲ್ಲಿ ನಾನು, ಒಳಗಿನದರಲ್ಲಿ ಅವರು, ನಡುವೆ ಅರ್ಧ ಎತ್ತರದ ಪ್ಲೈವುಡ್ ಗೋಡೆ. ಮನೆಯ ಪ್ಲಾನ್ ಬರೆಯುವುದು, ಪಂಚಾಯತಿನಿಂದ ಪರ್ಮಿಟ್ ಮಾಡಿಸಿಕೊಡುವುದು ನಮ್ಮ ಕೆಲಸ. ಸೇರಿದ ಮೊದಲ ವಾರವೇ ಅವರು ನನಗೆ ಹೇಳಿದ್ದರು, ನೀನು ಹೆಚ್ಚು ಮಾತಾಡುವವಳಲ್ಲ, ಅದು ಒಳ್ಳೆಯದಾಯಿತು ಎಂದು. ಹಾಗೆ ಹೇಳಿಸಿಕೊಂಡದ್ದು ನನಗೆ ಅದೇ ಮೊದಲು. ಮನೆಯಲ್ಲಿ ಅದನ್ನು ಯಾರೂ ಒಳ್ಳೆಯದೆಂದು ಎಣಿಸಿರಲಿಲ್ಲ.

ನಮ್ಮಲ್ಲಿಗೆ ಬರುವವರು ಹೆಚ್ಚಿನವರು ಗಲ್ಫಿನಲ್ಲಿರುವವರು. ಅವರಿಗೆ ಸಿಗುವ ರಜೆ ಸಣ್ಣದು. ಅದರೊಳಗೆ ಮದುವೆಗಳಿಗೆ ಹೋಗಬೇಕು, ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮನೆಯ ಪ್ಲಾನನ್ನೂ ಮುಗಿಸಬೇಕು. ಆದ್ದರಿಂದ ಬರೆದು ತೋರಿಸಿ, ತಿದ್ದಿ, ಮತ್ತೆ ತೋರಿಸುವಷ್ಟು ಸಮಯ ಯಾರಿಗೂ ಇರುತ್ತಿರಲಿಲ್ಲ. ಮನೆ ಕಟ್ಟಿಸುವವರು ಸರ್ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುತ್ತಿದ್ದರು. ಅವರು ಹೇಳಿದ ಹಾಗೆ ಪರದೆಯ ಮೇಲೆ ಗೋಡೆ ಏಳುತ್ತಿತ್ತು, ಸರಿಯುತ್ತಿತ್ತು, ಅಳಿದು ಹೋಗುತ್ತಿತ್ತು. ಎಡಗಡೆ ಗೋಡೆ ಇದ್ದುದರಿಂದ ಆ ಕುರ್ಚಿ ಯಾವಾಗಲೂ ಅವರ ಬಲಕ್ಕೇ ಇರುತ್ತಿತ್ತು. ಬಂದವರಿಗೆ ಪರದೆ ಎಷ್ಟು ಕಾಣುತ್ತಿತ್ತೋ ಸರ್ ಅವರ ಬಲಗೈಯೂ ಅಷ್ಟೇ ಕಾಣುತ್ತಿತ್ತು. "ಇಂಜಿನಿಯರ ಕೈ ನೋಡಿದರೆ ಸಾಕು, ಮನೆ ಆದ ಹಾಗೆಯೇ" ಎಂದು ಒಬ್ಬರು ಹೊರಗೆ ಬಂದು ನನ್ನ ಹತ್ತಿರ ಹೇಳಿದ್ದರು. ಆಗ ಅದು ಹೊಗಳಿಕೆಯಾಗಿತ್ತು.

ಸರ್ ಸ್ವಭಾವತಃ ಹೆದರುವ ಮನುಷ್ಯ. ಪ್ಲಾನ್ ಕೈಗೆ ತೆಗೆದುಕೊಳ್ಳುವ ಮೊದಲು ಮನೆಯಲ್ಲಿ ಯಾರಿಗೆ ಮೊಣಕಾಲು ನೋವು ಉಂಟು ಎಂದು ಕೇಳುತ್ತಿದ್ದರು. ಬ್ಯಾರಿ ಮುಸ್ಲಿಮರ ಮನೆಯಾದರೆ ಟಾಯ್ಲೆಟ್ಟಿನ ಸೀಟು ನಮಾಜಿನ ದಿಕ್ಕಾದ ಕಿಬ್ಲದ ಕಡೆಗೆ ಬರಬಾರದು, ಹಿಂದೂಗಳ ಮನೆಯಾದರೆ ಅಡುಗೆಮನೆ ಆಗ್ನೇಯ ಬಿಡಬಾರದು. ಇಬ್ಬರ ದಿಕ್ಕುಗಳನ್ನೂ ಅವರು ಒಂದೇ ಭಯದಿಂದ ನೋಡಿಕೊಳ್ಳುತ್ತಿದ್ದರು. ಸಂಜೆ ಬಸ್ಸಿನಲ್ಲಿ ಕೂತ ಮೇಲೆ ಏನೋ ನೆನಪಾಗಿ ನನಗೆ ಫೋನ್ ಮಾಡುವರು. ಶಿರಿಯದ ಮನೆಯ ಮೆಟ್ಟಿಲ ಕೆಳಗೆ ಹೋಗುವಾಗ ತಲೆ ತಾಗುತ್ತದಾ ನೋಡು ಎನ್ನುವರು. ತಾಗುತ್ತಿರಲಿಲ್ಲ. ಯಾವತ್ತೂ ತಾಗುತ್ತಿರಲಿಲ್ಲ. ಆದರೂ ನಾನು ಫೈಲ್ ತೆರೆದು ನೋಡಿಯೇ ಹೇಳಬೇಕಿತ್ತು, ನೆನಪಿನಿಂದ ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು.

ಮೊದಲು ನನಗೆ ತಿಳಿದದ್ದು ಕಿವಿಯಿಂದ. ಪ್ಲೈವುಡ್ ಗೋಡೆಯ ಆಚೆಯಿಂದ ಅವರ ಮೌಸಿನ ಸದ್ದು ದಿನವಿಡೀ ಕೇಳುತ್ತಿತ್ತು, ಮಳೆಹನಿಯ ಹಾಗೆ ಸಣ್ಣಗೆ, ಒಂದೇ ಸಮನೆ. ಒಂದು ಬೇಸಗೆಯಲ್ಲಿ ಅದು ತಪ್ಪತೊಡಗಿತು. ಎರಡು ಸಲ ಬೇಗ ಒತ್ತಬೇಕಾದಲ್ಲಿ ನಡುವೆ ಸ್ವಲ್ಪ ಹೊತ್ತು ಬೀಳುತ್ತಿತ್ತು. ಕಂಪ್ಯೂಟರ್ ಅದನ್ನು ಬೇರೆ ಏನೋ ಎಂದು ತಿಳಿದು ಇನ್ನೇನೋ ಮಾಡುತ್ತಿತ್ತು. ಮತ್ತೆ ಒತ್ತುವ ಸದ್ದು. ಆಮೇಲೆ ಮೌನ. ಸದ್ದು ನಿಂತಾಗ ನನ್ನ ಕೈಯೂ ನಿಲ್ಲುತ್ತಿತ್ತು. ಅದು ಮತ್ತೆ ಸುರುವಾಗುವವರೆಗೆ ನಾನು ಕೆಲಸ ಮಾಡುತ್ತಿರಲಿಲ್ಲ, ಮಾಡುವ ಹಾಗೆ ಕಾಣಿಸುತ್ತಿದ್ದೆ ಅಷ್ಟೇ.

"ಈ ಮೌಸ್ ಹಾಳಾಗಿದೆ," ಎಂದು ಅವರು ಒಂದು ದಿನ ನನ್ನ ಮೇಜಿಗೆ ತಂದಿಟ್ಟರು. ನಾನು ನನ್ನ ಕಂಪ್ಯೂಟರಿಗೆ ಹಾಕಿ ನೋಡಿದೆ. ಸರಿಯಾಗಿಯೇ ಇತ್ತು. ಹಾಳಾಗಿದೆ ಎಂದೇ ಹೇಳಿದೆ. ಏಕೆ ಹಾಗೆ ಹೇಳಿದೆನೋ ತಿಳಿಯದು. ಅವರು ನಿಂತಿದ್ದ ರೀತಿಯಲ್ಲಿ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ ರೀತಿಯಲ್ಲಿ, ಬೇರೆ ಉತ್ತರಕ್ಕೆ ಜಾಗ ಇರಲಿಲ್ಲ.

ಅಲ್ಲಿಂದ ಸುರುವಾಯಿತು. ಸಣ್ಣ ಮೌಸ್ ತಂದರು. ಅದನ್ನು ಹಿಡಿಯಲು ಬೆರಳು ಮುದುಡಬೇಕು, ಆಗಲಿಲ್ಲ. ದೊಡ್ಡದು ತಂದರು. ಅದರ ಬೆನ್ನು ಅಂಗೈಗೆ ಚೆನ್ನಾಗಿ ಕೂತಿತು, ಆದರೆ ಭಾರ. ವೈರಿಲ್ಲದ್ದರಲ್ಲಿ ಬ್ಯಾಟರಿಯ ತೂಕ. ಹೆಬ್ಬೆರಳಿನಿಂದ ಒಂದು ಚೆಂಡನ್ನು ಉರುಳಿಸುವ ಜಾತಿಯದು ಒಂದು ಬಂತು. ಅದರಲ್ಲಿ ಕೈ ಅಲ್ಲಾಡಿಸಬೇಕಾಗಿಲ್ಲ. ಆದರೆ ಅವರ ಹೆಬ್ಬೆರಳೇ ಮಾತು ಕೇಳುತ್ತಿರಲಿಲ್ಲ. ಕೈಕುಲುಕುವಾಗ ಹಿಡಿಯುತ್ತೇವಲ್ಲ, ಹಾಗೆ ಅಡ್ಡಕ್ಕೆ ಹಿಡಿಯುವ ಎತ್ತರದ ಮೌಸನ್ನೂ ತಂದರು. ಪಕ್ಕದಲ್ಲಿ ಕೂತ ಗಿರಾಕಿ, ಇಂಜಿನಿಯರೇ, ಇದು ಯಾರ ಕೈ ಹಿಡಿದುಕೊಂಡು ಕೂತಿದ್ದೀರಿ ಎಂದು ನಕ್ಕರು. ಸರ್ ಕೂಡ ನಕ್ಕರು. ಮರುದಿನ ಅದು ಕಪಾಟಿನೊಳಗೆ ಹೋಯಿತು.

ಮೌಸಿನ ಬಗ್ಗೆ ಅವರಿಗೆ ಒಂದು ಸಿದ್ಧಾಂತವೇ ಬೆಳೆದಿತ್ತು. ಕೈ ಮೌಸನ್ನು ಹಿಡಿಯಬಾರದು, ಮೌಸ್ ಕೈಯನ್ನು ಹಿಡಿದುಕೊಳ್ಳಬೇಕು ಎನ್ನುತ್ತಿದ್ದರು. ಆನ್‌ಲೈನಿನಲ್ಲಿ ತರಿಸೋಣವೆಂದರೆ ಒಪ್ಪುತ್ತಿರಲಿಲ್ಲ. ಮುಟ್ಟದೆ ತಗೊಳ್ಳುವುದು ಹೇಗೆ ಎಂಬ ಮಾತು. ಅಂಗಡಿಗಳಲ್ಲಾದರೋ ಹೆಚ್ಚಿನವು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಇರುತ್ತಿದ್ದವು. ಒಡೆದರೆ ತಗೊಳ್ಳಲೇಬೇಕು ಎಂದು ಅಂಗಡಿಯವರು ಹೇಳಿದರೆ ಆ ಪ್ಲಾಸ್ಟಿಕ್ಕಿನ ಮೇಲೆಯೇ ಅಂಗೈ ಇಟ್ಟು ಕಣ್ಣು ಮುಚ್ಚುವರು.

ಎಲ್ಲ ಅಂಗಡಿಗಳಲ್ಲೂ ಮೌಸ್ ನನಗೆ. "ಇವಳಿಗೆ ಕೈ ನೋವು ಮಾರಾಯ್ರೆ, ಸ್ವಲ್ಪ ಹಾಯಾಗಿರುವಂಥದ್ದು ಎಂತಾದರೂ ಉಂಟಾ?" ಎಂದು ಅವರು ಕೇಳುವಾಗ ನಾನು ಪಕ್ಕದಲ್ಲಿ ನನ್ನ ಬಲಗೈಯನ್ನು ಸ್ವಲ್ಪ ಮುಂದೆ ಮಾಡಿ ನಿಲ್ಲುತ್ತಿದ್ದೆ. ಅವರು ಹಾಗೆ ಮಾಡಲು ಹೇಳಿರಲಿಲ್ಲ.

ಏಕೆ ಇಷ್ಟು ಮುಚ್ಚಿಡಬೇಕು ಎಂಬುದು ನನಗೆ ಅರ್ಥವಾಗುತ್ತಿತ್ತು. ರಸ್ತೆಯ ಆಚೆ ಬದಿಯಲ್ಲಿ ಹೊಸ ಆಫೀಸೊಂದು ತೆರೆದಿತ್ತು. ಅಲ್ಲಿ ಮನೆಯನ್ನು ಬಣ್ಣಬಣ್ಣವಾಗಿ, ಅಂಗಳದಲ್ಲಿ ಕಾರು ನಿಲ್ಲಿಸಿ ಚಿತ್ರ ಮಾಡಿ ಕೊಡುತ್ತಿದ್ದರು. ನಮ್ಮಲ್ಲಿಗೆ ಜನ ಬರುತ್ತಿದ್ದುದು ಸರ್ ಪಕ್ಕದಲ್ಲಿ ಕೂರಲಿಕ್ಕೆ, ಆ ಕೈ ಓಡುವುದನ್ನು ನೋಡಲಿಕ್ಕೆ. ಪರ್ಮಿಟ್ಟಿಗೆ ಬೇಕಾದ ಉಳಿದ ನಕ್ಷೆಗಳನ್ನು ನಾನು ಮಾಡುತ್ತಿದ್ದೆ. ಗಿರಾಕಿಗಳ ಜೊತೆಗಿನ ಕೆಲಸವನ್ನೂ ನಾನೇ ಮಾಡುತ್ತೇನೆ, ನೀವು ಪಕ್ಕದಲ್ಲಿ ಕೂತು ಹೇಳಿ ಎಂದು ಒಮ್ಮೆ ಹೇಳಿದೆ. ಎಷ್ಟೋ ದಿನ ಮನಸ್ಸಿನಲ್ಲೇ ಬರೆದು ತಿದ್ದಿದ ಮಾತು ಅದು. ಅವರು ಬೇಸರಿಸಲಿಲ್ಲ. ಪ್ರಯತ್ನವನ್ನೂ ಮಾಡಿದರು. ನಾನು ಮೌಸ್ ಹಿಡಿದೆ, ಅವರು ಪಕ್ಕದಲ್ಲಿ ಕೂತರು. ಒಂದು ಹಾಲ್ ಮುಗಿಯುವುದರೊಳಗೆ ಅವರ ಬೆರಳು ಮೇಜಿನ ಮೇಲೆ ತನ್ನಷ್ಟಕ್ಕೆ ಗೆರೆ ಎಳೆಯುತ್ತಿತ್ತು. ಕೈ ಸುಮ್ಮನೆ ಇದ್ದರೆ ನನಗೆ ತಲೆ ಓಡುವುದಿಲ್ಲ ಎಂದು ಎದ್ದು ಹೋದರು.

ಮಧ್ಯಾಹ್ನದ ಊಟಕ್ಕೆ ಅವರು ಅನ್ನ ತರುವುದನ್ನು ಬಿಟ್ಟರು. ಅವಲಕ್ಕಿ, ಉಪ್ಪಿಟ್ಟು, ಚಮಚದಲ್ಲಿ ತಿನ್ನುವಂಥದ್ದು ಬರತೊಡಗಿತು. ಚಮಚ ಎಡಗೈಯಲ್ಲಿ. ಹೊಟ್ಟೆಗೆ ಇದೇ ಹಗುರ ಎಂದು ಸರ್ ಮನೆಯಲ್ಲಿ ಹೇಳಿಟ್ಟಿದ್ದಾರೆಂದು ನನಗೆ ತಿಳಿಯಿತು. ಹಾಗಾದರೆ ಮನೆಯವರಿಗೂ ಗೊತ್ತಿಲ್ಲ. ಅವರ ಹೆಂಡತಿ ಶಾಲೆಯಲ್ಲಿ ಟೀಚರ್. ಆಗಾಗ ಆಫೀಸಿಗೆ ಬಂದರೆ ನನ್ನ ಹತ್ತಿರ ಎರಡು ಮಾತಾಡಿಯೇ ಹೋಗುವವರು. ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ನಾನು ಸುಮ್ಮನೆ ಒಂದು ಫೈಲ್ ತೆರೆದು ಕೂರುತ್ತಿದ್ದೆ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುವುದು ಸರಿಯಲ್ಲ ಎಂದು ಅನಿಸುತ್ತಿತ್ತು. ಆದರೆ ನನಗೆ ಯಾರೂ ಏನನ್ನೂ ಹೇಳಿರಲಿಲ್ಲವಲ್ಲ, ಮೌಸ್ ಹಾಳಾಗಿದೆ ಎಂದು ಮಾತ್ರ ಹೇಳಿದ್ದು.

ಡಾಕ್ಟರರ ಮಾತನ್ನು ನಾನು ಒಮ್ಮೆ ಮಾತ್ರ ಎತ್ತಿದೆ. ಅಂದು ಗಿರಾಕಿಗಳಿರಲಿಲ್ಲ. ಅವರು ಹೆಬ್ಬೆರಳ ಬುಡವನ್ನು ನೋಡುತ್ತ ಕೂತಿದ್ದರು. ಅಲ್ಲಿನ ಮಾಂಸ ಇಳಿದು ಒಂದು ತಗ್ಗು ಆಗಿತ್ತು.

"ಸರ್, ಒಮ್ಮೆ ತೋರಿಸಬಹುದಿತ್ತು."

ಅವರು ತಲೆ ಎತ್ತಲಿಲ್ಲ. "ತೋರಿಸಿದರೆ ಅವರು ಒಂದು ಹೆಸರು ಹೇಳ್ತಾರೆ. ಹೆಸರು ಬಂದ ಮೇಲೆ ಅದು ಹೋಗುವುದಿಲ್ಲ. ಈಗ ಮೌಸ್ ಸರಿ ಇಲ್ಲ, ಅಷ್ಟೇ ಉಂಟು." ಆ ತಗ್ಗನ್ನು ಒತ್ತಿ ನೋಡಿ, "ನನ್ನ ತಂದೆಗೆ ಹೀಗೇ ಸುರುವಾದದ್ದು. ಹೆಬ್ಬೆರಳಿನಿಂದ," ಎಂದರು.

ಅವರ ತಂದೆಗೆ ಮುಂದೆ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಅಂದು ಸಂಜೆ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ನಾನು ನನ್ನ ಹೆಬ್ಬೆರಳ ಬುಡವನ್ನು ಒತ್ತಿ ನೋಡಿಕೊಂಡೆ.

ಇಷ್ಟರಲ್ಲಿ ನನ್ನ ಕೈ ಊರಿನಲ್ಲಿ ಪ್ರಸಿದ್ಧವಾಗಿತ್ತು. ಉಪ್ಪಳದ ಒಂದು ಅಂಗಡಿಯಲ್ಲಿ ಹೇಳಿದ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ನೆರೆಮನೆಯವರು ಒಂದು ಬಾಟಲಿ ತೈಲ ತಂದುಕೊಟ್ಟು, ಸ್ನಾನಕ್ಕೆ ಮೊದಲು ಹಚ್ಚಿಕೊಳ್ಳಬೇಕು, ಕೆಳಗಿನಿಂದ ಮೇಲಕ್ಕೆ ಎಂದು ಅಮ್ಮನಿಗೆ ಕಲಿಸಿಹೋದರು. ಕುಂಬ್ಡಾಜೆ ಕಡೆಯಿಂದ ಬಂದಿದ್ದ ಒಂದು ಸಂಬಂಧದವರು, ಹುಡುಗಿಯ ಬಲಗೈಗೆ ಎಂತದೋ ಉಂಟಂತೆ ಎಂದು ನಡುವಿನವರಲ್ಲಿ ವಿಚಾರಿಸಿದರು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಎಳೆದುಕೊಂಡರು. ನಾನು ಎರಡೂ ಕೈ ಚಾಚಿ, ಬೆರಳು ಮಡಚಿ ಬಿಡಿಸಿ ತೋರಿಸಿದೆ. ಕೊಡಪಾನ ಎತ್ತಿ ತೋರಿಸಿದೆ.

"ಹಾಗಾದರೆ ಆ ಮೌಸ್ ಎಲ್ಲ ಯಾರಿಗೆ?" ಎಂದು ಅಮ್ಮ ಕೇಳಿದರು.

"ಆಫೀಸಿಗೆ."

"ಆಫೀಸಿಗೆ ಕೈ ನೋವು ಉಂಟಾ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಮ್ಮನ ಕಣ್ಣು ನನ್ನ ಕೈಯಿಂದ ಮುಖಕ್ಕೆ, ಮುಖದಿಂದ ಕೈಗೆ ಹೋಗಿಬರುತ್ತಿತ್ತು. ಆ ಸಂಬಂಧ ಮುಂದುವರಿಯಲಿಲ್ಲ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಎಷ್ಟೋ ದಿನ ಅಮ್ಮ ನಾನು ಲೋಟ ಹಿಡಿಯುವುದನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ನಾನು ಸರ್ ಲೋಟ ಹಿಡಿಯುವುದನ್ನು ನೋಡುತ್ತಿದ್ದ ಹಾಗೆಯೇ. ಸರ್‌ಗೆ ಈ ಸಂಗತಿಯನ್ನು ನಾನು ಹೇಳಲಿಲ್ಲ. ಅವರಿಗೆ ಅದು ಹೇಗೆ ತಿಳಿಯಿತೋ, ಒಂದು ದಿನ ನಾನು ಹೊರಡುವ ಹೊತ್ತಿಗೆ, "ನಿನಗೆ ಇದರಿಂದ ಉಪದ್ರ ಆಗ್ತಾ ಉಂಟು" ಎಂದರು. ಇಲ್ಲ ಸರ್ ಎಂದೆ. ಅವರು, ಮಳೆ ಬರುವ ಹಾಗೆ ಉಂಟು, ಬೇಗ ಹೋಗು ಎಂದರು. ಹೊರಗೆ ಒಳ್ಳೆಯ ಬಿಸಿಲಿತ್ತು.

ಆ ವರ್ಷ ರಜೆಯಲ್ಲಿ ಬಂದವರಲ್ಲಿ ರಝಾಕ್ ಎಂಬವನು ಒಬ್ಬ. ಶಾರ್ಜಾದಲ್ಲಿ ಕೆಲಸ, ಶಿರಿಯದಲ್ಲಿ ಹೊಳೆಯ ಹತ್ತಿರ ಜಾಗ, ಮನೆ ತಾಯಿಯ ಹೆಸರಿನಲ್ಲಿ. ಆ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ನಾವು ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ಮಗನಿಗೆ ಎರಡು ಅಡುಗೆಮನೆ ಬೇಕು, ಒಂದು ನೋಡುವವರಿಗೆ, ಹಿಂದೆ ಒಂದು ಕೆಲಸಕ್ಕೆ. ಉಮ್ಮನಿಗೆ ಅದು ಹಿಡಿಸಲಿಲ್ಲ. "ಹಿಂದಿನದರಲ್ಲಿ ಅಡುಗೆ, ಮುಂದಿನದರಲ್ಲಿ ಫೋಟೋ ತೆಗೆಯಲಿಕ್ಕಾ?" ಎಂದು ಕೇಳಿ ನಮ್ಮನ್ನೆಲ್ಲ ನಗಿಸಿದರು. ಅಡುಗೆಮನೆ ಇತ್ಯರ್ಥವಾಗದೆಯೇ ಉಳಿದು, ಬಾಕಿ ಪ್ಲಾನ್ ಮುಗಿಯಿತು. ಅಂದು ಸರ್ ಕೈ ಹೇಗೋ ನಡೆದಿತ್ತು. ಅವರು ಗಳಿಗೆಗೊಮ್ಮೆ ನಿಲ್ಲಿಸಿ ಮಾತಿಗೆ ಎಳೆದು, ಆ ಹೊತ್ತಿನಲ್ಲಿ ಕೈಗೆ ವಿಶ್ರಾಂತಿ ಕೊಡುವುದನ್ನು ನಾನು ಗೋಡೆಯಾಚೆಯಿಂದ ಕೇಳುತ್ತಿದ್ದೆ.

ಹೋಗುವಾಗ ರಝಾಕ್ ನನ್ನ ಮೇಜಿನ ಹತ್ತಿರ ನಿಂತ. ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಕೈಯ ಸುದ್ದಿ ಕೇಳಿದ್ದನಂತೆ. ಅಲ್ಲಿ ಶಾರ್ಜಾದಲ್ಲಿ ಕೈಯ ಅಳತೆಗೆ ಸರಿಯಾಗಿ ಬಗೆಬಗೆಯ ಮೌಸ್ ಸಿಗುತ್ತದೆ, ಅಳತೆ ಕೊಟ್ಟರೆ ಕಳಿಸುತ್ತೇನೆ ಎಂದ. ನಮ್ಮ ಕಡೆ ಅಳತೆ ಎಂದರೆ ಎಲ್ಲರಿಗೂ ಗೊತ್ತು. ಮಕ್ಕಳಿಗೆ ಶೂ ಬೇಕಾದರೆ ಕಾಗದದ ಮೇಲೆ ಕಾಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಆ ಕಾಗದವನ್ನು ಮಡಚಿ ಗಲ್ಫಿಗೆ ಹೋಗುವವರ ಕೈಯಲ್ಲಿ ಕೊಡುತ್ತಾರೆ. ಅವರು ಅದನ್ನು ಅಂಗಡಿಯಲ್ಲಿ ಬಿಡಿಸಿ ಶೂ ಹೊಂದಿಸಿ ತರುತ್ತಾರೆ. "ಕಾಲಿನ ಬದಲು ಕೈ ಇಡಿ ಮೇಡಂ, ಅಷ್ಟೇ" ಎಂದ.

ನಾನು ಒಳಗೆ ಹೋಗಿ ಸರ್‌ಗೆ ಹೇಳಿದೆ. ಅವರ ಮುಖ ತಟ್ಟನೆ ಹುಡುಗರ ಮುಖದ ಹಾಗೆ ಅರಳಿತು. ಕೈಯ ಅಳತೆಯ ಮೌಸ್ ಎಂದು ಎರಡು ಸಲ ಹೇಳಿಕೊಂಡರು. ಅವರ ಕೈ ಹಿಡಿದು ಗೆರೆ ಎಳೆಯುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ನಾನು ಒಂದು ಕಾಗದ, ಒಂದು ಪೆನ್ಸಿಲ್ ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಬಹಳ ಹೊತ್ತಿನ ಮೇಲೆ ಅವರು ಅಂಟು ಹಾಕಿದ ಕವರೊಂದನ್ನು ತಂದುಕೊಟ್ಟರು. ಅದನ್ನು ನಾನು ಹಾಗೆಯೇ ರಝಾಕನಿಗೆ ತಲುಪಿಸಿದೆ.

ಅವನು ಶಾರ್ಜಾದಿಂದ ಫೋನ್ ಮಾಡಿದ. ಮೇಡಂ, ನಿಮ್ಮ ಕೈ ಸ್ವಲ್ಪ ದೊಡ್ಡದುಂಟಲ್ಲ ಎಂದ. ಹೌದು ಎಂದೆ. ಅವನು ಮತ್ತೆ ಕೇಳಲಿಲ್ಲ.

ಮೌಸ್ ಬರುವವರೆಗೆ ಸರ್ ಹಳೆಯದನ್ನು ಬಯ್ಯಲಿಲ್ಲ. ಬಸ್ ಬರುವುದು ಖಚಿತವಾದ ಮೇಲೆ ನಿಲ್ದಾಣದಲ್ಲಿ ನಿಲ್ಲುವವರ ಸಮಾಧಾನ ಅವರಲ್ಲಿ ಬಂದಿತ್ತು. ನನಗೆ ಮಾತ್ರ ಆ ದಿನಗಳು ಕಷ್ಟವಾದವು. ಅದೂ ಆಗದಿದ್ದರೆ ಏನು? ಆಮೇಲೆ ಹೇಳಲು ಮೌಸಿನ ನೆಪವೂ ಉಳಿಯುವುದಿಲ್ಲ. ಅದು ಬರಲಿ ಎಂದು ಅವರು ಕಾಯುತ್ತಿದ್ದರು. ಅದು ತಡವಾಗಲಿ ಎಂದು ನಾನು ಬಯಸುತ್ತಿದ್ದೆ.

ರಜೆಗೆ ಬಂದ ಯಾರದೋ ಪೆಟ್ಟಿಗೆಯಲ್ಲಿ ಅದು ಬಂತು. ಸರ್ ಮೇಜಿನ ಮೇಲೆ ಬಟ್ಟೆ ಹಾಸಿ ಪೊಟ್ಟಣ ಬಿಚ್ಚಿದರು. ಕಪ್ಪು ಬಣ್ಣದ, ಮೃದುವಾದ, ತುಂಬ ಚೆಂದದ ವಸ್ತು. ಹೆಬ್ಬೆರಳಿಗೆ ಒಂದು ತಗ್ಗು, ಕಿರುಬೆರಳಿಗೆ ಒಂದು ಮೆಟ್ಟಿಲು. ಅವರು ಬಲಗೈ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಹೆಬ್ಬೆರಳಿನ ತಗ್ಗು ಇರಬೇಕಾದ ಕಡೆ ಇರಲಿಲ್ಲ. ಮೌಸನ್ನು ತಿರುಗಿಸಿ ನೋಡಿದರು.

"ಇದು ಎಡಗೈದು," ಎಂದರು.

ರಝಾಕ್ ತಪ್ಪು ಕಳಿಸಿದನೆಂದು ನಾನು ಎಣಿಸಿದೆ, ಈಗಲೇ ಫೋನ್ ಮಾಡುತ್ತೇನೆ ಎಂದೆ. ಸರ್ ಬೇಡವೆಂದು ಕೈ ಆಡಿಸಿದರು. ಆಮೇಲೆ ಮೇಜಿನ ಮೇಲೆ ಎಡಗೈಯನ್ನು ಅಗಲವಾಗಿ ಇಟ್ಟು, ಬಲಗೈಯಲ್ಲಿ ಇಲ್ಲದ ಪೆನ್ಸಿಲ್ ಹಿಡಿದು ಅದರ ಸುತ್ತ ನಿಧಾನವಾಗಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಪೆನ್ಸಿಲ್ ಹಿಡಿಯುವುದು ಬಲಗೈಯಾದರೆ ಕಾಗದದ ಮೇಲೆ ಕೂರುವುದು ಎಡಗೈಯೇ. ಕಾಲಿನ ಅಳತೆಯಲ್ಲಿ ಈ ತೊಂದರೆ ಇಲ್ಲ. ಇಷ್ಟು ವರ್ಷ ನಕ್ಷೆ ಬರೆದವರು, ಮನೆಯ ಪ್ರತಿಯೊಂದು ಬಾಗಿಲು ಎತ್ತ ತೆರೆಯುತ್ತದೆ ಎಂದು ಎರಡೆರಡು ಸಲ ನೋಡುವವರು, ತಮ್ಮ ಯಾವ ಕೈ ಬರೆದು ಕಳಿಸಿದರೆಂದು ನೋಡಿರಲಿಲ್ಲ. ಅವರು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕರವಸ್ತ್ರ ತೆಗೆಯಲು ಬಲಗೈಯನ್ನು ಜೇಬಿಗೆ ಹಾಕಿದರು. ಅದು ಬೇಗ ಹೊರಗೆ ಬರಲಿಲ್ಲ. ನಾನು ಕಿಟಕಿಯ ಕಡೆ ನೋಡಿದೆ.

ಅಂದು ಸಂಜೆ ಹೊರಡುವ ಮೊದಲು ಅವರು ನನ್ನನ್ನು ಕರೆದು, ಮೌಸಿನ ಗುಂಡಿಗಳನ್ನು ಅದಲು ಬದಲು ಮಾಡುವುದು ಹೇಗೆ ಎಂದು ಕೇಳಿದರು. ನಾನು ಸೆಟ್ಟಿಂಗ್ ಬದಲಿಸಿ ಕೊಟ್ಟೆ.

ಮರುದಿನದಿಂದ ಪ್ಲೈವುಡ್ಡಿನ ಆಚೆ ಹೊಸ ಸದ್ದು ಸುರುವಾಯಿತು. ಅಕ್ಷರ ಕಲಿಯುವ ಮಗುವಿನ ಓದಿನ ಹಾಗೆ, ಒಂದು, ಆಮೇಲೆ ಇನ್ನೊಂದು. ಗಿರಾಕಿಗಳು ಇಲ್ಲದಾಗ ಮಾತ್ರ. ಮೆಟ್ಟಿಲಲ್ಲಿ ಕಾಲಿನ ಸದ್ದು ಕೇಳಿದರೆ ಅವರು ಹಳೆಯ ಮೌಸಿಗೆ ಬರುತ್ತಿದ್ದರು. ಎಡಗೈಯಲ್ಲಿ ಯಾರದ್ದಾದರೂ ಮನೆ ಬರೆಯುವುದುಂಟೇ ಎಂಬುದು ಅವರ ಭಯ. ಹಣ ಕೊಡುವಾಗ, ಚಾ ಕೊಡುವಾಗ ಎಡಗೈ ಚಾಚಿದರೇ ಮುಖ ಸಣ್ಣದು ಮಾಡುವ ಊರು ನಮ್ಮದು. ಇಲ್ಲಿ ನೋಡಿದರೆ ಅಡಿಪಾಯವೇ ಎಡಗೈಯಲ್ಲಿ. ಆ ಮನೆಯಲ್ಲಿ ಮುಂದೆ ಏನಾದರೂ ಕೆಟ್ಟದಾದರೆ ಅದು ಈ ಕೈಯ ಲೆಕ್ಕಕ್ಕೇ ಬರುತ್ತದೆ ಎನ್ನುತ್ತಿದ್ದರು. ಹಳೆಯ ಮೌಸಿನಲ್ಲಿ ಈಗ ಅವರಿಂದ ಬಹಳ ಹೊತ್ತು ಆಗುತ್ತಿರಲಿಲ್ಲ. ಬಂದವರನ್ನು, ಕರೆಂಟು ಸರಿ ಇಲ್ಲ, ನಾಡಿದ್ದು ಬನ್ನಿ ಎಂದು ಕಳಿಸುವುದು ಹೆಚ್ಚಾಯಿತು. ಹಾಗೆ ಹೋದವರಲ್ಲಿ ಕೆಲವರು ರಸ್ತೆ ದಾಟುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ಉಮ್ಮ ಬಂದದ್ದು ಆ ದಿನಗಳಲ್ಲಿ. ಹೇಳದೆ ಬಂದರು, ಒಬ್ಬರೇ. ಮೆಟ್ಟಿಲು ಹತ್ತಿದ ದಣಿವಿಗೆ ಸ್ವಲ್ಪ ಹೊತ್ತು ನನ್ನ ಮೇಜಿಗೆ ಆತು ನಿಂತು, ಅಡುಗೆಮನೆ ಒಂದೇ ಸಾಕೆಂದು ಮಗನನ್ನು ಒಪ್ಪಿಸಿದ್ದೇನೆ, ಅದನ್ನು ಬರೆಯಿಸಿಯೇ ಹೋಗುವುದು ಎಂದರು. ಸರ್ ಕರೆಂಟಿನ ಮಾತು ತೆಗೆದರು. ಉಮ್ಮ ತಲೆ ಎತ್ತಿ ತಿರುಗುತ್ತಿದ್ದ ಫ್ಯಾನನ್ನು ನೋಡಿ, ಹೋಗಿ ಕುರ್ಚಿಯಲ್ಲಿ ಕೂತರು. ನೀರು ಕೊಡುವ ನೆಪದಲ್ಲಿ ನಾನೂ ಒಳಗೆ ಹೋದೆ. ಲೋಟ ಕೊಟ್ಟ ಮೇಲೂ ಅಲ್ಲೇ ನಿಂತೆ.

ಸರ್ ಹಳೆಯ ಮೌಸ್ ಹಿಡಿದರು. ಉಮ್ಮ ಒಲೆ ಎಲ್ಲಿ ಬೇಕು, ಮೀನು ತೊಳೆಯುವ ಜಾಗ ಎಲ್ಲಿ ಬೇಕು ಎಂದು ಹೇಳುತ್ತಿದ್ದರು. ಮೊದಲ ಗೋಡೆ ಬಂತು. ಎರಡನೆಯದರ ನಡುವೆ ಬೆರಳು ಗುಂಡಿಯ ಮೇಲೆಯೇ ಉಳಿದು, ಗೆರೆ ಪರದೆಯ ಅಂಚಿನವರೆಗೆ ಎಳೆದುಕೊಂಡು ಹೋಯಿತು. ಸರ್ ಅದನ್ನು ಅಳಿಸಿದರು. ಮತ್ತೆ ಹಾಗೇ ಆಯಿತು. ಮೂರನೆಯ ಸಲ ಕೈ ಮೌಸಿನಿಂದ ಜಾರಿ ಮೇಜಿನ ಮೇಲೆ ಮಗುಚಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಎಡಗೈಯಿಂದ ಮೇಜಿನ ಡ್ರಾ ತೆಗೆದು, ಆ ಕಪ್ಪು ಮೌಸನ್ನು ಎಡಬದಿಗಿಟ್ಟು, ಅಡುಗೆಮನೆಯ ಎರಡನೆಯ ಗೋಡೆಯನ್ನು ಎಳೆಯತೊಡಗಿದರು. ನಿಧಾನವಾಗಿತ್ತು, ಆದರೆ ಗೆರೆ ನೆಟ್ಟಗಿತ್ತು.

ಉಮ್ಮ ಮುಂದಕ್ಕೆ ಬಾಗಿ ನೋಡಿದರು.

"ಇಂಜಿನಿಯರೇ, ನನ್ನ ಮನೆಯನ್ನು ಎಡಗೈಯಲ್ಲಿ ಬರೆಯುವುದಾ?"

ಮೌಸಿನ ಸದ್ದು ನಿಂತಿತು. ನಾನು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಮೌಸ್ ಹಾಳಾಗಿದೆ ಎಂಬ ಅದೇ ಮಾತು. ಹೇಳಲಿಲ್ಲ.

"ಬಲಗೈ ಆಗುವುದಿಲ್ಲ, ಉಮ್ಮ," ಎಂದರು ಸರ್. ಆ ಕೋಣೆಯಲ್ಲಿ ಆ ವಾಕ್ಯ ಮೊದಲ ಸಲ ಕೇಳಿದ್ದು. "ನಿಮಗೆ ಬೇಡ ಅಂತಾದರೆ ಎದುರಿನ ಆಫೀಸಿನವರೂ ಒಳ್ಳೆಯದು ಮಾಡ್ತಾರೆ. ನಾನೇ ಹೇಳ್ತೇನೆ ಅವರಿಗೆ."

"ಬೇಡ ಅಂತ ನಾನು ಹೇಳಿದೆನಾ? ಕೇಳಿದೆ ಅಷ್ಟೇ." ಉಮ್ಮ ನನ್ನ ಕಡೆ ಒಮ್ಮೆ ನೋಡಿದರು. "ಆ ಮೌಸ್ ಈ ಮೋಳೆಗಲ್ಲ, ಈ ಮಗಳಿಗಲ್ಲ ಅಂತ ನಮಗೆ ಆಗಲೇ ಗೊತ್ತುಂಟು. ಎಷ್ಟು ಸಮಯ ಆಯಿತು?"

"ಎರಡು ವರ್ಷ ಆಗ್ತಾ ಬಂತು."

"ಮನೆಯಲ್ಲಿ ಎಂತ ಹೇಳ್ತಾರೆ?"

ಸರ್ ಮಗುಚಿ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು. ಉಮ್ಮನ ಧ್ವನಿಯಲ್ಲಿ ಬಂದದ್ದು ಕನಿಕರವಲ್ಲ, ಸಿಟ್ಟು. "ಅವರಿಗೆ ಹೇಳಲಿಲ್ಲವಾ? ಹೊರಗಿನ ಈ ಹುಡುಗಿಗೆ ಗೊತ್ತುಂಟು, ನನಗೆ ಗೊತ್ತಾಯಿತು, ಶಾರ್ಜಾದಲ್ಲಿ ನನ್ನ ಮಗನಿಗೆ ಗೊತ್ತುಂಟು. ಅವರು ಎಂತ ಮಾಡಿದ್ದಾರೆ ನಿಮಗೆ?"

ಲೋಟದ ನೀರು ಕುಡಿದು ಮುಗಿಸಿ ಅವರು ಅದನ್ನು ಮೇಜಿನ ಮೇಲಿಟ್ಟರು. "ಅಡುಗೆಮನೆಯನ್ನು ಯಾವ ಕೈಯಲ್ಲಿ ಬೇಕಾದರೂ ಬರೆಯಿರಿ. ಆದರೆ ಅದಕ್ಕೆ ಮೊದಲು ಮನೆಗೆ ಒಂದು ಫೋನ್ ಮಾಡಿ. ನಾನು ಕೂತಿರ್ತೇನೆ."

ಸರ್ ಪರದೆಯ ಕಡೆ ನೋಡಿದರು. ಅಲ್ಲಿ ಅರ್ಧ ಎಳೆದ ಗೋಡೆ ಹಾಗೆಯೇ ನಿಂತಿತ್ತು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು, ಎಡಗೈಯ ತೋರುಬೆರಳಿನಿಂದ ಒಂದೊಂದೇ ಅಂಕೆ ಒತ್ತಿ ಸ್ಪೀಕರ್ ಹಾಕಿದರು. ಅದು ಶಾಲೆಯ ಊಟದ ಹೊತ್ತು, ಟೀಚರ್ ಫೋನ್ ಎತ್ತುತ್ತಾರೆ ಎಂದು ನನಗೆ ಗೊತ್ತಿತ್ತು. ಹೊರಗೆ ಹೋಗಬೇಕೆಂದು ನಾನು ಬಾಗಿಲ ಕಡೆ ತಿರುಗಿದೆ. ಸರ್ ಕಣ್ಣಿನಲ್ಲೇ ಬೇಡ ಎಂದರು. ಉಮ್ಮ ಕುರ್ಚಿಯಿಂದ ಅಲುಗಲಿಲ್ಲ.

ಆ ಕಡೆಯಿಂದ ಟೀಚರ ಧ್ವನಿ ನಮಗೂ ಕೇಳಿತು. ಈ ಹೊತ್ತಿನಲ್ಲಿ ಫೋನ್ ಯಾಕೆ, ಎಂತಾಯಿತು ಎಂದು ಕೇಳುತ್ತಿದ್ದರು.

"ಎಂತ ಇಲ್ಲ," ಎಂದರು ಸರ್.

ಎಡಗೈಯಿಂದ ಫೋನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಅಲ್ಲ. ಉಂಟು."